ಸ್ಕ್ರೀನ್ ಮುಂದೆ ಕೂತವರ ಕೈ ಮರೆತ ಕೆಲಸ

ಪ್ರಶ್ನೆ: ನಾನು ತುಮಕೂರು ಕಡೆ ಒಂದು ಖಾಸಗಿ ಹಾಲಿನ ಪ್ಲಾಂಟ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್. 22 ವರ್ಷದಿಂದ ಇಲ್ಲೇ ಇದ್ದೇನೆ. ಎರಡು ವರ್ಷದ ಹಿಂದೆ ಹಾಲು ಕಾಯಿಸುವ ಪಾಶ್ಚರೈಸರ್, ಪೈಪು ಟ್ಯಾಂಕು ಬಿಚ್ಚದೆಯೇ ತೊಳೆಯುವ ಸಿಐಪಿ, ತಣ್ಣಗಾಗಿಸುವ ಚಿಲ್ಲರ್ ಎಲ್ಲಕ್ಕೂ ಆಟೋಮೇಷನ್ ಬಂತು. ಶಿಫ್ಟಿಗೆ 6 ಜನ ಇದ್ದದ್ದು ಈಗ 2 ಆಗಿದೆ. ಹೊಸ ಹುಡುಗರು ಚುರುಕಾಗಿದ್ದಾರೆ, ಆದರೆ ಸ್ಕ್ರೀನ್ ಬಿಟ್ಟು ಏಳುವುದಿಲ್ಲ. ಕಳೆದ ತಿಂಗಳು ರಾತ್ರಿ ಕರೆಂಟ್ ಹೋಗಿ ಬಂದಾಗ ಸಿಸ್ಟಮ್ ಅರ್ಧಕ್ಕೆ ನಿಂತಿತು. ಕೈಯಲ್ಲಿ ಶುರು ಮಾಡಲು ಯಾರಿಗೂ ಬರಲಿಲ್ಲ. ನನ್ನನ್ನು ಮನೆಯಿಂದ ಕರೆಸಿದರು. ಇದನ್ನು ಮೀಟಿಂಗ್‌ನಲ್ಲಿ ಹೇಳಿದರೆ "ನಿಮ್ಮದು ಹಳೇ ಕಾಲದ ಭಯ" ಅಂದರು. ನನ್ನ ಭಯ ಸರಿಯೇ? ಏನು ಮಾಡಬಹುದು? ಇನ್ನೊಂದು ಸಣ್ಣ ಪ್ರಶ್ನೆ: ಮೆಷಿನ್ ಇರುವಾಗ ಹುಡುಗರಿಗೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಹಿಡಿಯೋದು ಕಲಿಸಬೇಕಾ?

ಉತ್ತರ: ನಿಮ್ಮ ಭಯ ಸರಿ. ಅದನ್ನು ಹಳೇ ಕಾಲದ್ದು ಅನ್ನುವವರಿಗೆ ಒಂದು ಮಾತು ಕೇಳಿ. ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದ ಕಾಲದಲ್ಲಿ "ಕೈಯಲ್ಲಿ ಮಾಡೋಕೆ ಯಾರಿಗೂ ಬರಲ್ಲ" ಅನ್ನುವ ತೊಂದರೆ ಇತ್ತಾ? ಇದು ಆಟೋಮೇಷನ್ ಜೊತೆಗೇ ಬಂದ ತೊಂದರೆ.

ನಾನು ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರ್. ಜನ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಆಟೋಗೆ ಹಾಕುವುದರಲ್ಲೇ ನನ್ನ ಇಡೀ ನೌಕರಿ ಕಳೆದಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಸ್ಟೀಮ್ ವಾಲ್ವ್ ತಿರುಗಿಸಿ ಕೈ ಸುಟ್ಟುಕೊಳ್ಳುವವರು ಕಡಿಮೆಯಾದರು. ರಾತ್ರಿ ಮೂರು ಗಂಟೆಯ ಹಾಲಿಗೂ ಬೆಳಗ್ಗೆ ಹತ್ತರ ಹಾಲಿಗೂ ಒಂದೇ ಶಾಖ ಸಿಗುವಂತಾಯಿತು. ಯಂತ್ರಕ್ಕೆ ನಿದ್ದೆ ಬರುವುದಿಲ್ಲ. ಹಾಗಾಗಿ ಹಳೇ ಪದ್ಧತಿಗೆ ವಾಪಸ್ ಹೋಗಿ ಅಂತ ನಾನು ಹೇಳುವುದಿಲ್ಲ. ನಾನು ಹೇಳುವುದು ಬೇರೆ. ಯಂತ್ರ ಚೆನ್ನಾಗಿ ಓಡಿದಷ್ಟೂ ಪಕ್ಕದಲ್ಲಿ ಕೂತ ಮನುಷ್ಯನ ಕೈ ಜಡ್ಡುಗಟ್ಟುತ್ತದೆ. ಆದರೂ ಯಂತ್ರ ನಿಂತ ದಿನ ನಾವು ಅದೇ ಮನುಷ್ಯನ ಕಡೆ ನೋಡುತ್ತೇವೆ. ನಿಮ್ಮ ಪ್ಲಾಂಟ್‌ನಲ್ಲಿ ಆ ರಾತ್ರಿ ಆಗಿದ್ದು ಇದೇ.

ಇದನ್ನು ಮೊದಲೇ ಕಂಡವರಿದ್ದಾರೆ. ಲಿಸಾನ್ ಬೇನ್‌ಬ್ರಿಜ್ ಅನ್ನುವ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ 1983ರಲ್ಲಿ ಒಂದು ಲೇಖನ ಬರೆದರು. ನನ್ನ ವೃತ್ತಿಯಲ್ಲಿ ಇದ್ದವರೆಲ್ಲ ಓದಲೇಬೇಕಾದ ಲೇಖನ ಅದು. ಅವರು ಯೋಚಿಸಿದ್ದು ನಿಮ್ಮಂಥ, ನನ್ನಂಥ ಕಂಟ್ರೋಲ್ ರೂಮಿನವರ ಬಗ್ಗೆಯೇ. ಡಿಸೈನ್ ಮಾಡುವವರು ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಡುತ್ತಾರೆ. ಯಂತ್ರಕ್ಕೆ ಕೊಡಲು ಆಗದ ಕಷ್ಟದ ಕೆಲಸ ಮಾತ್ರ ಮನುಷ್ಯನಿಗೆ ಉಳಿಯುತ್ತದೆ. ದಿನಾ ಮಾಡದ ಕೆಲಸ ಕೈಬಿಟ್ಟು ಹೋಗುತ್ತದೆ. ಅವರು ಇನ್ನೊಂದು ವಿಷಯವನ್ನೂ ಗುರುತಿಸಿದ್ದರು. ಆಗ ಆಟೋಮೇಷನ್ ಸುಸೂತ್ರವಾಗಿ ನಡೆಯುತ್ತಿದ್ದದ್ದು, ಹಿಂದೆ ಕೈಯಲ್ಲಿ ಮಾಡಿ ಕಲಿತವರು ಇನ್ನೂ ಕೆಲಸದಲ್ಲಿ ಇದ್ದದ್ದರಿಂದ. ಮುಂದಿನ ತಲೆಮಾರಿಗೆ ಆ ಅನುಭವ ಇರುವುದಿಲ್ಲ ಎಂದು ಅವರು ಎಚ್ಚರಿಸಿದ್ದರು. ನಿಮ್ಮ ಪ್ಲಾಂಟ್‌ನಲ್ಲಿ ಆ ಹಿಂದಿನವರು ನೀವು. ನೀವು ನಿವೃತ್ತಿ ಆದ ಮೇಲೆ ರಾತ್ರಿ ಕರೆಂಟ್ ಹೋದರೆ ಯಾರನ್ನು ಕರೆಸುತ್ತಾರೆ? ಮುಂದಿನ ಮೀಟಿಂಗ್‌ನಲ್ಲಿ ಇದನ್ನು ಕೇಳಿ.

ನಮ್ಮ ಬೆಂಗಳೂರಲ್ಲೇ ಆದ ಒಂದು ದುರಂತ ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುತ್ತದೆ. 1990ರ ಫೆಬ್ರವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಮಧ್ಯಾಹ್ನದ ಹೊತ್ತು, ಹವೆ ಚೆನ್ನಾಗಿತ್ತು. ಏರ್‌ಬಸ್ ಎ320, ಕಂಪನಿಗೆ ಆಗಷ್ಟೇ ಬಂದಿದ್ದ ಹೊಸ ವಿಮಾನ. ಅದು ರನ್‌ವೇ ಮುಟ್ಟುವ ಮೊದಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಜನ ತೀರಿಕೊಂಡರು.

ಎಂಜಿನ್ ಕೆಟ್ಟಿತ್ತಾ ಅಂದರೆ, ಇಲ್ಲ. ವಿಮಾನ ಇಳಿಯುವಾಗ ಅದರ ಕಂಪ್ಯೂಟರ್ "ಓಪನ್ ಡಿಸೆಂಟ್" ಅನ್ನುವ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಬಲದಲ್ಲೇ ಇರುತ್ತವೆ. ವೇಗ ಕಾಯುವ ಕೆಲಸವನ್ನು ಎಂಜಿನ್ ಮಾಡುವುದಿಲ್ಲ. ಇಳಿಯುವ ಕೊನೆಯ ಹಂತದಲ್ಲಿ ಎಂಜಿನ್ ಬಲ ಬದಲಿಸಿ ವೇಗ ಕಾಯುವ ಸ್ಪೀಡ್ ಮೋಡ್ ಬೇಕಿತ್ತು, ಅದು ಬರಲಿಲ್ಲ. ಇರಬೇಕಾಗಿದ್ದ ವೇಗ 132 ನಾಟ್, ಅಂದರೆ ಗಂಟೆಗೆ ಸುಮಾರು 245 ಕಿಲೋಮೀಟರ್. ಅದು ಇಳಿಯುತ್ತಾ 106 ನಾಟ್ ತನಕ ಬಂತು. ಪೈಲಟ್‌ಗಳಿಗೆ ಗೊತ್ತಾಗುವಷ್ಟರಲ್ಲಿ ಕೆಲವೇ ಸೆಕೆಂಡು ಉಳಿದಿತ್ತು. ಥ್ರಾಟಲ್ ಪೂರ್ತಿ ತಳ್ಳಿದರೂ ಎಂಜಿನ್ ಬಲ ತುಂಬಿಕೊಳ್ಳಲು ಸಮಯ ಸಾಲಲಿಲ್ಲ. ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ಗುರುತಿಸದೆ, ತಕ್ಷಣ ಎಂಜಿನ್ ಬಲ ಹೆಚ್ಚಿಸದೆ ಹೋದರು ಎಂದು ತನಿಖೆ ಹೇಳಿತು.

ತನಿಖೆಯ ಮಾತು ತಪ್ಪಲ್ಲ. ಆದರೆ ನನ್ನ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ಹಳೆಯ ಅನೇಕ ವಿಮಾನಗಳಲ್ಲಿ ಕಂಪ್ಯೂಟರ್ ಎಂಜಿನ್ ಬಲ ಬದಲಿಸಿದರೆ ಪೈಲಟ್ ಕೈ ಕೆಳಗಿನ ಲಿವರ್ ಕೂಡ ಹಿಂದೆ ಮುಂದೆ ಸರಿಯುತ್ತಿತ್ತು. ನೋಡದಿದ್ದರೂ ಕೈಗೆ ಗೊತ್ತಾಗುತ್ತಿತ್ತು. ಎ320ರಲ್ಲಿ ಲಿವರ್ ಅಲುಗಾಡುವುದಿಲ್ಲ. ಯಾವ ಮೋಡ್‌ನಲ್ಲಿದೆ ಎಂದು ತಿಳಿಯಲು ಪರದೆಯ ಮೇಲಿನ ಅಕ್ಷರ ಓದಬೇಕು. ಯಂತ್ರ ತನಗೆ ಹೇಳಿದ ಮಾತನ್ನು ಅಚ್ಚುಕಟ್ಟಾಗಿ ಕೇಳಿತು. ಅದಕ್ಕೆ ಏನು ಹೇಳಲಾಗಿದೆ ಅನ್ನುವುದು ಮಾತ್ರ ಮನುಷ್ಯರ ಗಮನದಿಂದ ಜಾರಿತ್ತು. ನಿಮ್ಮ ಹುಡುಗರ ವಿಷಯದಲ್ಲೂ ಇದನ್ನೇ ನೋಡಬೇಕು. ಪೈಪ್ ಮುಟ್ಟಿದರೆ ಬಿಸಿ ಗೊತ್ತಾಗುತ್ತಿತ್ತು, ಪಂಪಿನ ಸದ್ದು ಬದಲಾದರೆ ಕಿವಿಗೆ ಗೊತ್ತಾಗುತ್ತಿತ್ತು. ಎಸಿ ರೂಮಿನಲ್ಲಿ ಗಾಜಿನ ಹಿಂದೆ ಕೂತವನಿಗೆ ಇದ್ಯಾವುದೂ ತಲುಪುವುದಿಲ್ಲ.

"ಹಾಗಾದರೆ ಗಮನ ಇಟ್ಟು ನೋಡಲಿ" ಅಂತ ಮ್ಯಾನೇಜ್‌ಮೆಂಟ್ ಹೇಳಬಹುದು. ಗೋಡೆ ಮೇಲೆ ಬೋರ್ಡ್ ಕೂಡ ಹಾಕಬಹುದು. ಅದರಿಂದ ಪ್ರಯೋಜನ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರೇಡಾರ್ ಆಪರೇಟರ್‌ಗಳ ಕಣ್ಣಿಗೆ ಸಬ್‌ಮರೀನ್ ಗುರುತು ತಪ್ಪಿ ಹೋಗುತ್ತಿತ್ತು. ನಾರ್ಮನ್ ಮ್ಯಾಕ್‌ವರ್ತ್ ಅನ್ನುವವರು ಅದನ್ನು ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದರು. ಗಡಿಯಾರದಂಥ ಒಂದು ಡಯಲ್. ಮುಳ್ಳು ಒಂದೊಂದೇ ಹೆಜ್ಜೆ ಜಿಗಿಯುತ್ತದೆ. ಅಪರೂಪಕ್ಕೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಅದನ್ನು ಕಂಡು ಹೇಳಬೇಕು, ಅಷ್ಟೇ. ಆರೋಗ್ಯವಾಗಿದ್ದ, ಮನಸ್ಸಿಟ್ಟು ಕೂತವರೂ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜಾಸ್ತಿ ತಪ್ಪಿಸಿಕೊಳ್ಳತೊಡಗಿದರು. ಮನುಷ್ಯನ ತಲೆ ಇರುವುದೇ ಹೀಗೆ. ಎಂಟು ಗಂಟೆ ಶಿಫ್ಟಿನಲ್ಲಿ ಏನೂ ಆಗದ ಸ್ಕ್ರೀನನ್ನು ನೋಡುತ್ತಾ ಕೂತವನನ್ನು ಸೋಮಾರಿ ಅನ್ನಬೇಡಿ. ಅವನಿಗೆ ಕೊಟ್ಟ ಕೆಲಸವೇ ಮನುಷ್ಯನಿಂದ ಆಗದ ಕೆಲಸ.

ಇನ್ನು ಸ್ಕ್ರೀನ್ ತೋರಿಸುವ ನಂಬರ್ ವಿಷಯ. ನಿಮ್ಮ ಪತ್ರದಲ್ಲಿ ಇದರ ಬಗ್ಗೆ ಇಲ್ಲ, ಆದರೆ ನನ್ನ ಪ್ರಕಾರ ದೊಡ್ಡ ಅಪಾಯ ಇರುವುದು ಇಲ್ಲೇ. ನಾನು ನೋಡಿದ ಒಂದು ಘಟನೆ ಹೇಳುತ್ತೇನೆ. ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ, ಹೆಸರು ಬೇಡ. ಕಾಕಂಬಿ ಬಂದು ಬೀಳುವ ಮಧ್ಯದ ಒಂದು ಸಣ್ಣ ಟ್ಯಾಂಕ್. ಲೆವೆಲ್ ಏರಿದರೆ ಪಂಪ್ ತಾನಾಗೇ ಶುರುವಾಗುವಂತೆ ನಾವು ಮಾಡಿಕೊಟ್ಟಿದ್ದೆವು. ಅದಕ್ಕೆ ಮೊದಲು ಒಬ್ಬ ಹಿರಿಯ ಕೆಲಸಗಾರ ಗಂಟೆಗೊಮ್ಮೆ ಕೋಲು ಇಳಿಸಿ ಅಳತೆ ನೋಡುತ್ತಿದ್ದರು. ಇನ್ನು ಅದು ಬೇಡ ಎಂದು ನಾನೇ ಹೇಳಿದೆ. ಸೀಸನ್ ಮಧ್ಯದಲ್ಲಿ ಒಂದು ರಾತ್ರಿ ಲೆವೆಲ್ ಅಳೆದು ಕಳಿಸುವ ಟ್ರಾನ್ಸ್‌ಮಿಟರ್‌ನ ಬಾಯಿಗೆ ಕಾಕಂಬಿ ಗಟ್ಟಿಯಾಗಿ ಕೂತಿತು. ಸ್ಕ್ರೀನ್ ಮೇಲೆ ಲೆವೆಲ್ ನಿಂತಲ್ಲೇ ನಿಂತಿತು. ಪಂಪ್ ಶುರುವಾಗಲಿಲ್ಲ. ಟ್ಯಾಂಕ್ ತುಂಬಿ ಉಕ್ಕಿ ಚರಂಡಿಗೆ ಹರಿಯಿತು. ಕಂಟ್ರೋಲ್ ರೂಮಿನ ಹುಡುಗ ಬೆಳಗಿನ ತನಕ ಆ ನಂಬರ್ ನೋಡುತ್ತಲೇ ಇದ್ದ. ಎಲ್ಲ ಸರಿ ಇದೆ ಅಂದುಕೊಂಡಿದ್ದ. ಬೈಗುಳ ಅವನಿಗೆ ಬಿತ್ತು. ಬೀಳಬೇಕಾಗಿದ್ದು ನನಗೆ.

ಮರುದಿನ ಟ್ರೆಂಡ್, ಅಂದರೆ ಆ ನಂಬರ್ ಹೊತ್ತು ಹೊತ್ತಿಗೆ ಹೇಗಿತ್ತು ಎಂದು ತೋರಿಸುವ ಗ್ರಾಫ್, ತೆಗೆದು ನೋಡಿದೆ. ಆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿತ್ತು. ಓಡುತ್ತಿರುವ ಪ್ಲಾಂಟಿನ ಗೆರೆ ಹಾಗಿರುವುದಿಲ್ಲ. ಸ್ವಲ್ಪವಾದರೂ ನಡುಗುತ್ತಿರುತ್ತದೆ. ನಿಮ್ಮ ಹುಡುಗರಿಗೆ ಇದೊಂದನ್ನು ಇವತ್ತೇ ಹೇಳಿಕೊಡಿ: ಏರಿಳಿತ ಕಂಡರೆ ಗಾಬರಿ ಬೇಡ, ಅಲುಗಾಡದ ಗೆರೆ ಕಂಡರೆ ಎದ್ದು ಹೋಗಿ ನೋಡಿ.

ಇದು ಸಣ್ಣ ಕಾರ್ಖಾನೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ರಿಫೈನರಿಯಲ್ಲಿ ಸ್ಫೋಟ ಆಗಿ 15 ಜನ ಸತ್ತರು. ಸುಮಾರು 50 ಮೀಟರ್ ಎತ್ತರದ ಟವರ್ ಒಳಗೆ ದ್ರವ ಏರುತ್ತಾ ಇತ್ತು. ಸ್ಕ್ರೀನ್ ಮೇಲೆ ಲೆವೆಲ್ ನಿಧಾನವಾಗಿ ಇಳಿಯುತ್ತಾ ಇತ್ತು. ಹೋಗಿ ಕಣ್ಣಲ್ಲಿ ನೋಡಲು ಟವರಿಗೆ ಸೈಟ್ ಗ್ಲಾಸ್ ಇತ್ತು. ಅದು ಕೊಳೆ ಹಿಡಿದು ಏನೂ ಕಾಣದಂತಾಗಿತ್ತು. ಗಾಜು ಒರೆಸುವುದು ದೊಡ್ಡ ಕೆಲಸವಾ? ಸ್ಕ್ರೀನ್ ಇದೆಯಲ್ಲ ಅನ್ನುವ ಕಡೆ ಮೊದಲು ಕೊಳೆಯಾಗುವುದು ಇಂಥ ಗಾಜೇ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ನೋಡಿ ಅದು ಮುಚ್ಚಿದೆ ಎಂದು ಆಪರೇಟರ್‌ಗಳು ನಂಬಿದರು. ಆ ದೀಪ ತೋರಿಸುತ್ತಿದ್ದದ್ದು "ಮುಚ್ಚು" ಎಂಬ ಸಿಗ್ನಲ್ ಹೋಗಿದೆ ಅನ್ನುವುದನ್ನು ಮಾತ್ರ. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರ್ ತಣ್ಣಗಿಡುವ ನೀರು ಆ ವಾಲ್ವ್‌ನಿಂದ ಹೊರಗೆ ಹೋಯಿತು. ಈಗ ನಿಮ್ಮ ಫ್ಲೋ ಡೈವರ್ಷನ್ ವಾಲ್ವ್ (ಸರಿಯಾಗಿ ಕಾಯದ ಹಾಲನ್ನು ವಾಪಸ್ ತಿರುಗಿಸುವ ವಾಲ್ವ್) ಮುಂದೆ ನಿಂತುಕೊಳ್ಳಿ. ಸ್ಕ್ರೀನ್ ಮೇಲೆ ಅದರ ಬಣ್ಣ ಬದಲಾಗುವುದು ಕಮಾಂಡ್ ನೋಡಿಯಾ, ವಾಲ್ವ್ ನಿಜವಾಗಿ ತಿರುಗಿದ್ದನ್ನು ಹೇಳುವ ಪೊಸಿಷನ್ ಸ್ವಿಚ್ ನೋಡಿಯಾ? ಇದು ನಿಮಗೆ ಗೊತ್ತಿಲ್ಲದಿದ್ದರೆ ಆಟೋಮೇಷನ್ ಮಾಡಿದವರನ್ನು ಈ ವಾರವೇ ಕೇಳಿ. ಪ್ಲಾಂಟ್‌ನ ಎಲ್ಲ ವಾಲ್ವ್‌ಗೂ ಈ ಪಟ್ಟಿ ಬರೆಸಿಕೊಳ್ಳಿ. ಸಿಐಪಿ ಕಾಸ್ಟಿಕ್ ಮತ್ತು ಹಾಲಿನ ಲೈನ್ ಸೇರುವ ಜಾಗದ ವಾಲ್ವ್‌ಗಳನ್ನು ಮೊದಲು ನೋಡಿ.

ಪಾಶ್ಚರೈಸರ್ ವಿಷಯದಲ್ಲಿ ಇನ್ನೂ ಒಂದು. ಸ್ಕ್ರೀನ್ ಮೇಲೆ 72 ಡಿಗ್ರಿ ಕಾಣುತ್ತದೆ. ನಿಮಗೆ ಬೇಕಾಗಿರುವುದು 72 ಡಿಗ್ರಿಯಲ್ಲಿ 15 ಸೆಕೆಂಡು. ಆ 15 ಸೆಕೆಂಡು ಎಲ್ಲಿಂದ ಬರುತ್ತದೆ? ಕಾದ ಹಾಲು ಹಾದು ಹೋಗುವ ಹೋಲ್ಡಿಂಗ್ ಟ್ಯೂಬಿನ ಉದ್ದದಿಂದ ಮತ್ತು ಹಾಲು ಹರಿಯುವ ವೇಗದಿಂದ. ಯಾರೋ ಪಂಪಿನ ವೇಗ ಏರಿಸಿದರೆ ಡಿಗ್ರಿ ಅಷ್ಟೇ ಇದ್ದರೂ ಸೆಕೆಂಡು ಕಡಿಮೆಯಾಗುತ್ತದೆ. ಹಳಬರಿಗೆ ಇದು ಮೈಗೂಡಿದ ಲೆಕ್ಕ. ಹೊಸಬರು ಹಸಿರು ಬಣ್ಣ ನೋಡಿ ಸುಮ್ನೆ ಕೂರುತ್ತಾರೆ, ಯಾಕೆಂದರೆ ಅವರಿಗೆ ಯಾರೂ ಹೇಳಿಲ್ಲ. ಲ್ಯಾಬಿನ ಫಾಸ್ಫಟೇಸ್ ಟೆಸ್ಟ್ ಇದಕ್ಕಾಗಿಯೇ ಬೇಕು. ಹಾಲಿನಲ್ಲಿ ಸಹಜವಾಗಿ ಇರುವ ಆ ಕಿಣ್ವ ನಾಶವಾಗಲು ರೋಗಾಣು ಸಾಯುವುದಕ್ಕಿಂತ ಸ್ವಲ್ಪ ಜಾಸ್ತಿ ಶಾಖ ಬೇಕು. ಅದು ಇಲ್ಲವಾಗಿದ್ದರೆ ಹಾಲು ಸರಿಯಾಗಿ ಕಾದಿದೆ ಎಂದರ್ಥ. ಇದು ಸೆನ್ಸರನ್ನೂ ಕಂಪ್ಯೂಟರನ್ನೂ ಕೇಳದೆ ಹಾಲನ್ನೇ ಕೇಳುವ ಟೆಸ್ಟ್. ಆಟೋಮೇಷನ್ ಬಂತು ಎಂದು ಇದನ್ನು ಕಡಿಮೆ ಮಾಡೋಣ ಅಂದರೆ ಒಪ್ಪಬೇಡಿ.

ಏನು ಮಾಡಬಹುದು ಅಂದಿರಿ. ನಾನಾಗಿದ್ದರೆ ರೌಂಡ್ಸ್‌ನಿಂದ ಶುರು ಮಾಡುತ್ತೇನೆ. ಲಾಗ್‌ಬುಕ್‌ನಲ್ಲಿ ಎರಡು ಅಂಕಣ ಇರಲಿ. ಹುಡುಗ ಮೊದಲು ಪ್ಲಾಂಟ್ ಒಳಗೆ ಹೋಗಿ ಲೋಕಲ್ ಥರ್ಮಾಮೀಟರ್, ಪ್ರೆಷರ್ ಗೇಜ್ ನೋಡಿ ತನ್ನ ನಂಬರ್ ಬರೆಯಲಿ. ಆಮೇಲೆ ಬಂದು ಸ್ಕ್ರೀನ್ ನಂಬರ್ ಪಕ್ಕದಲ್ಲಿ ಬರೆಯಲಿ. ಈ ಕ್ರಮ ತಿರುಗಬಾರದು. ಸ್ಕ್ರೀನ್ ಮೊದಲು ನೋಡಿದರೆ ಗೇಜ್ ಮೇಲೂ ಅದೇ ನಂಬರ್ ಕಾಣತೊಡಗುತ್ತದೆ. ಎರಡೂ ಅಂಕಣ ಯಾವಾಗಲೂ ಅಕ್ಷರಶಃ ಒಂದೇ ಇದ್ದರೆ ಯಾರೋ ಕೂತಲ್ಲೇ ಬರೆಯುತ್ತಿದ್ದಾರೆ ಎಂದು ತಿಳಿಯಿರಿ. ಅರ್ಧ ಡಿಗ್ರಿ ವ್ಯತ್ಯಾಸ ಬರೆದ ಹುಡುಗನಿಗೆ ಭೇಷ್ ಅನ್ನಿ.

ಕೈಯಲ್ಲಿ ಓಡಿಸುವ ಅಭ್ಯಾಸಕ್ಕೆ ನಿಮಗೆ ಒಳ್ಳೇ ಅವಕಾಶ ಇದೆ. ಪಾಶ್ಚರೈಸರನ್ನು ಮೊದಲು ನೀರಿನ ಮೇಲೆ ಶುರು ಮಾಡಿ ಆಮೇಲೆ ಹಾಲು ಬಿಡುತ್ತೀರಿ, ಅಲ್ವಾ? ಆ ನೀರಿನ ಹೊತ್ತಿನಲ್ಲಿ ವಾರಕ್ಕೊಮ್ಮೆ ಸ್ಟೀಮ್ ಲೂಪನ್ನು, ಅಂದರೆ ಶಾಖ ನೋಡಿ ತಾನಾಗೇ ಸ್ಟೀಮ್ ಬಿಡುವ ವ್ಯವಸ್ಥೆಯನ್ನು, ಮ್ಯಾನ್ಯುಯಲ್‌ಗೆ ಹಾಕಿ. ಹುಡುಗನೇ ವಾಲ್ವ್ ತೆರೆದು ಶಾಖ ಏರಿಸಿ ನಿಲ್ಲಿಸಲಿ. ನೀವು ಪಕ್ಕದಲ್ಲಿರಿ, ಮುಟ್ಟಬೇಡಿ. ಮೊದಲ ದಿನ ಶಾಖ ಮೇಲೆ ಕೆಳಗೆ ಓಡಾಡುತ್ತದೆ. ಓಡಾಡಲಿ, ಹಾಳಾಗುವುದು ಬರೀ ನೀರು. ಹಾಲು ಬಿಡುವ ಮೊದಲು ಲೂಪ್ ಆಟೋಗೆ ಬಂದಿದೆಯಾ ಅಂತ ನೀವೇ ನೋಡಿ ಸಹಿ ಹಾಕಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಅಭ್ಯಾಸದ ಹೆಸರಲ್ಲಿ ಡೈವರ್ಷನ್ ವಾಲ್ವ್ ಇಂಟರ್‌ಲಾಕ್ (ಶಾಖ ಸಾಲದಿದ್ದರೆ ತಾನಾಗೇ ಹಾಲು ತಿರುಗಿಸುವ ರಕ್ಷಣೆ) ಬೈಪಾಸ್ ಮಾಡಬಾರದು. ಒಂದು ನಿಮಿಷಕ್ಕೂ ಮಾಡಬಾರದು.

ವಿಮಾನದವರೂ ಈ ದಾರಿಗೇ ಬಂದಿದ್ದಾರೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಐಸ್ ಕಟ್ಟಿ ಆಟೋಪೈಲಟ್ ಬಿಟ್ಟುಕೊಟ್ಟ ಮೇಲೆ ಪೈಲಟ್‌ಗಳಿಗೆ ವಿಮಾನ ಕೈಗೆ ಸಿಗಲಿಲ್ಲ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಸೂಕ್ತ ಸಂದರ್ಭದಲ್ಲಿ ಪೈಲಟ್‌ಗಳು ಕೈಯಲ್ಲೇ ಹಾರಿಸುವುದನ್ನು ಪ್ರೋತ್ಸಾಹಿಸಿ ಎಂದು ಕಂಪನಿಗಳಿಗೆ ಸೂಚನೆ ಕೊಟ್ಟಿತು. ಮ್ಯಾನೇಜ್‌ಮೆಂಟಿನವರಿಗೆ ಇದನ್ನು ತೋರಿಸಿ. ಅಷ್ಟು ಮುಂದುವರಿದ ಯಂತ್ರ ಇರುವವರೇ ಕೈ ಅಭ್ಯಾಸ ಬಿಡಬೇಡಿ ಅನ್ನುತ್ತಿದ್ದಾರೆ.

6 ಜನ 2 ಆದದ್ದರ ಬಗ್ಗೆ. ಇಲ್ಲಿ ನೀವು ಭಯದ ಮಾತು ಆಡಿದರೆ ಗೆಲ್ಲುವುದಿಲ್ಲ, ನಿಮಿಷದ ಲೆಕ್ಕ ಕೊಡಿ. ಅವರು ಜನ ಲೆಕ್ಕ ಹಾಕಿರುವುದು ಎಲ್ಲ ಸರಿ ಇರುವ ದಿನ ನೋಡಿ. ಹಾಗೆ ನೋಡಿದರೆ ಇಬ್ಬರೂ ಜಾಸ್ತಿಯೇ. ಲೆಕ್ಕ ಹಾಕಬೇಕಾಗಿರುವುದು ಅತಿ ಕೆಟ್ಟ ಅರ್ಧ ಗಂಟೆಗೆ. 1994ರ ಜುಲೈನಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಯಿತು. ಅದಕ್ಕೆ ಮುಂಚಿನ ಕೊನೆಯ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರ್ಮ್ ಬಂದಿದ್ದವು. ಸುಮಾರು ಎರಡೂವರೆ ಸೆಕೆಂಡಿಗೆ ಒಂದು. ಯಾರಿಂದ ಓದಲು ಸಾಧ್ಯ?

ಹಾಗಾಗಿ ಒಂದು ಕಾಗದ ತಗೊಳ್ಳಿ. ಹಾಲು ಓಡುತ್ತಿರುವಾಗ ಕರೆಂಟ್ ಹೋಗಿ ಬಂದರೆ ಯಾರು ಎಲ್ಲಿಗೆ ಓಡಬೇಕು ಎಂದು ಒಂದೊಂದೇ ಸಾಲಾಗಿ ಬರೆಯಿರಿ. ಬಾಯ್ಲರ್, ಅಮೋನಿಯಾ ಕಂಪ್ರೆಸರ್, ಹೋಲ್ಡಿಂಗ್ ಟ್ಯೂಬಿನಲ್ಲಿ ನಿಂತ ಹಾಲು, ಅರ್ಧಕ್ಕೆ ನಿಂತ ಸಿಐಪಿ, ಟ್ಯಾಂಕಿನ ಹಾಲಿನ ಶಾಖ. ಆಮೇಲೆ ರಜೆಯ ದಿನ ಅನುಮತಿ ತಗೊಂಡು, ಪ್ಲಾಂಟ್ ನೀರಿನ ಮೇಲಿರುವಾಗ, ಇಬ್ಬರನ್ನೇ ಇಟ್ಟು ಸ್ಟಾಪ್‌ವಾಚ್ ಹಿಡಿದು ಡ್ರಿಲ್ ಮಾಡಿ. ನಡೆದು ಹೋಗುವ ಸಮಯವನ್ನೂ ಸೇರಿಸಿ. ಇಬ್ಬರಿಂದ ಆದರೆ ಒಳ್ಳೆಯದು, ನಿಮ್ಮ ಭಯ ಅಷ್ಟು ಕಡಿಮೆಯಾಗುತ್ತದೆ. ಆಗದಿದ್ದರೆ ನಿಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಅದೇ ದಿನ ಎಷ್ಟು ಅಲಾರ್ಮ್ ಬಂತು, ಅದರಲ್ಲಿ ಎಷ್ಟಕ್ಕೆ ನಿಜವಾಗಿ ಏನಾದರೂ ಮಾಡಬೇಕಿತ್ತು ಎಂದೂ ಬರೆಯಿರಿ. ಏನೂ ಮಾಡಬೇಕಿಲ್ಲದ ಅಲಾರ್ಮ್ ತೆಗೆಸಿಹಾಕಿ.

ಹುಡುಗರ ಜೊತೆ "ನಮ್ಮ ಕಾಲದಲ್ಲಿ" ಅಂತ ಮಾತು ಶುರು ಮಾಡಬೇಡಿ. ಟ್ರೆಂಡ್ ಓದುವುದರಲ್ಲಿ ಅವರು ನಿಮಗಿಂತ ಮುಂದಿರಬಹುದು. ನೀವು ಕಿವಿಯಲ್ಲಿ ಕೇಳಿದ ಪಂಪಿನ ಸದ್ದು ಟ್ರೆಂಡ್‌ನಲ್ಲಿ ಹೇಗೆ ಕಾಣುತ್ತದೆ ಎಂದು ಅವರನ್ನೇ ಕೇಳಿ. ಒಂದು ಮಾತು ಮಾತ್ರ ಬರವಣಿಗೆಯಲ್ಲಿ ಇರಲಿ. ಅನುಮಾನ ಬಂದು ಯಾರೇ ಹಾಲು ನಿಲ್ಲಿಸಿದರೂ, ಆಮೇಲೆ ಎಲ್ಲ ಸರಿ ಇತ್ತು ಎಂದು ಗೊತ್ತಾದರೂ, ಅವರ ಮೇಲೆ ಮೆಮೋ ಹೋಗಬಾರದು. ಒಂದು ಸಲ ಮೆಮೋ ಹೋದರೆ ಸಾಕು, ಆಮೇಲೆ ಯಾರೂ ಸ್ಟಾಪ್ ಬಟನ್ ಮುಟ್ಟುವುದಿಲ್ಲ.

ಲ್ಯಾಕ್ಟೋಮೀಟರ್ ಖಂಡಿತ ಕಲಿಸಿ. ಕಲಿಯಲು ಹೆಚ್ಚು ಹೊತ್ತು ಬೇಡ. ಹಾಲಿನ ಶಾಖಕ್ಕೆ ತಕ್ಕಂತೆ ರೀಡಿಂಗ್ ತಿದ್ದುವುದನ್ನು ಮರೆಯದೆ ಹೇಳಿಕೊಡಿ. ದಿನಕ್ಕೆ ಎರಡು ಟ್ಯಾಂಕರಿಗೆ ಮೆಷಿನ್ ರೀಡಿಂಗ್ ಜೊತೆ ಕೈ ರೀಡಿಂಗ್ ಕೂಡ ಬರೆಸಿ. ಮೆಷಿನ್ ಸ್ವಲ್ಪ ಸ್ವಲ್ಪವೇ ದಾರಿ ತಪ್ಪುತ್ತಿದ್ದರೆ ಆ ಎರಡು ಸಾಲಿನ ನಡುವಿನ ಅಂತರ ವಾರದಿಂದ ವಾರಕ್ಕೆ ಬೆಳೆಯುತ್ತದೆ. ರೈತರಿಗೆ ದುಡ್ಡು ಹೋಗುವುದು ಆ ನಂಬರ್ ಮೇಲೆ, ಹಾಗಾಗಿ ತಪ್ಪು ಬೇಗ ಸಿಕ್ಕಷ್ಟೂ ಒಳ್ಳೆಯದು.

ಡ್ರಿಲ್ ಮಾಡಿದ ಮೇಲೆ ನಿಮಿಷದ ಲೆಕ್ಕವನ್ನು ನನಗೆ ಬರೆದು ಕಳಿಸಿ. ಮ್ಯಾನೇಜ್‌ಮೆಂಟಿಗೆ ಕೊಡುವ ಪತ್ರವನ್ನು ಇಬ್ಬರೂ ಸೇರಿ ಬರೆಯೋಣ.